ನಮ್ಮ ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬಿನ ಚರಿತ್ರೆ



ಹೋದ ವಾರ ನಾವೆಲ್ಲ ಹೊಸ ಫುಟ್‌ಬಾಲ್ ಬೇಕು ಅಂತ ಪಿ.ಟಿ. ಮೇಷ್ಟ್ರನ್ನು ಕೇಳಿದೆವು. ಅವರು, "ಆಟದ ಬಗ್ಗೆ ನಿಮಗೇನು ಗೊತ್ತು? ಮೊದಲು ಗೋಡೆ ಪತ್ರಿಕೆಗೆ ಬರೀರಿ, ಹೆಡ್‌ಮಾಸ್ಟರ್‌ಗೆ ತೋರಿಸೋಣ" ಅಂದರು. ಅದಕ್ಕೇ ಈ ಪಾಠ.

ಬೆಂಗಳೂರು ಎಫ್.ಸಿ. ಎಂಬ ಕ್ಲಬ್ಬು ಹುಟ್ಟಿದ್ದು 2013ರ ಜುಲೈ ತಿಂಗಳಲ್ಲಿ. ಅಂದರೆ ಅದಕ್ಕೂ ನಮ್ಮ ಏಳನೇ ತರಗತಿಯವರಿಗೂ ಹೆಚ್ಚು ಕಡಿಮೆ ಒಂದೇ ವಯಸ್ಸು! ಇದನ್ನು ಕಟ್ಟಿದವರು ಜೆ.ಎಸ್.ಡಬ್ಲ್ಯೂ. ಕಂಪನಿಯವರು. ಅವರ ದೊಡ್ಡ ಉಕ್ಕಿನ ಕಾರ್ಖಾನೆ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಲ್ಲಿದೆ.

ಆದರೆ ಬೆಂಗಳೂರಿನಲ್ಲಿ ಫುಟ್‌ಬಾಲ್ ಶುರುವಾಗಿದ್ದು ಆಗಲ್ಲ. ಬೊಂಬಾಯಿಯಲ್ಲಿ 1891ರಿಂದ ರೋವರ್ಸ್ ಕಪ್ ಎಂಬ ಪಂದ್ಯಾವಳಿ ನಡೆಯುತ್ತಿತ್ತು. ವರ್ಷಗಟ್ಟಲೆ ಅದನ್ನು ಬ್ರಿಟಿಷ್ ಸೈನಿಕರ ತಂಡಗಳೇ ಹೊತ್ತುಕೊಂಡು ಹೋಗುತ್ತಿದ್ದವು. 1937ರಲ್ಲಿ ನಮ್ಮ ಬೆಂಗಳೂರಿನ 'ಬ್ಯಾಂಗಲೋರ್ ಮುಸ್ಲಿಮ್ಸ್' ಎಂಬ ತಂಡ ಹೋಗಿ ಆ ಕಪ್ ಗೆದ್ದಿತು. ಒಂದು ಸಲ ಅದೃಷ್ಟ ಅನ್ನಬಹುದು, ಆದರೆ 1938ರಲ್ಲಿ ಮತ್ತೆ ಗೆದ್ದರು. ಬೆಂಗಳೂರಿನ ಅಹ್ಮದ್ ಖಾನ್ ಅವರು 1948ರ ಲಂಡನ್ ಒಲಿಂಪಿಕ್ಸ್‌ನಲ್ಲೂ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲೂ ಭಾರತಕ್ಕೆ ಆಡಿದರು. ಲಂಡನ್ನಿನಲ್ಲಿ ನಮ್ಮ ತಂಡದ ಹೆಚ್ಚಿನವರು ಆಡಿದ್ದು ಬರಿಗಾಲಿನಲ್ಲಿ. ನಮಗೆ ಶೂ ಇಲ್ಲ ಅಂತ ನಗುವ ಎಂಟನೇ ತರಗತಿಯವರು ಈ ವಾಕ್ಯವನ್ನು ಎರಡು ಸಲ ಓದಬೇಕು.

ಆಮೇಲೆ ಐ.ಟಿ.ಐ., ಎಚ್.ಎ.ಎಲ್. ಮುಂತಾದ ಕಾರ್ಖಾನೆಗಳ ತಂಡಗಳು ಹೆಸರು ಮಾಡಿದವು. ಆಟ ಚೆನ್ನಾಗಿ ಆಡಿದವರಿಗೆ ಅಲ್ಲೇ ಕೆಲಸವೂ ಸಿಗುತ್ತಿತ್ತು. 2012ರಲ್ಲಿ ಎಚ್.ಎ.ಎಲ್. ತಂಡ ದೇಶದ ದೊಡ್ಡ ಪಂದ್ಯಾವಳಿಯಾದ ಐ-ಲೀಗ್‌ನಿಂದ ಕೆಳಗಿಳಿಯಿತು. ಮರುವರ್ಷವೇ ಹೊಸ ಕ್ಲಬ್ಬು ಬಂತು.

2013ರ ಸೆಪ್ಟೆಂಬರಿನಲ್ಲಿ ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಅದರ ಮೊದಲ ಲೀಗ್ ಪಂದ್ಯ. ಎದುರಾಳಿ ಯಾರು ಗೊತ್ತಾ? 1889ರಲ್ಲಿ ಹುಟ್ಟಿದ ಕಲ್ಕತ್ತೆಯ ಮೋಹನ್ ಬಾಗಾನ್! ಮೊಮ್ಮಗನೂ ಮುತ್ತಜ್ಜನೂ ಕುಸ್ತಿಗೆ ನಿಂತ ಹಾಗೆ. ಪಂದ್ಯ 1-1 ಸಮ ಆಯಿತು. ಆ ಸಲವೇ, 2014ರ ಏಪ್ರಿಲ್‌ನಲ್ಲಿ, ಇವರು ಐ-ಲೀಗ್ ಗೆದ್ದರು. 2016ರಲ್ಲಿ ಮತ್ತೆ ಗೆದ್ದರು. 2019ರಲ್ಲಿ ಐ.ಎಸ್.ಎಲ್., 2022ರಲ್ಲಿ ಡ್ಯುರಾಂಡ್ ಕಪ್.

ಆದರೆ ನನಗೆ ಈ ಎಲ್ಲಾ ಕಪ್‌ಗಳಿಗಿಂತ 2016ರ ಅಕ್ಟೋಬರ್ 19ರ ರಾತ್ರಿಯೇ ದೊಡ್ಡದು. ಅವತ್ತು ಕಂಠೀರವ ಸ್ಟೇಡಿಯಂನಲ್ಲಿ ಎ.ಎಫ್.ಸಿ. ಕಪ್ಪಿನ ಸೆಮಿಫೈನಲ್. ಎದುರಿಗೆ ಮಲೇಷ್ಯಾದ ಜೊಹೋರ್ ತಂಡ. ಹಿಂದಿನ ವರ್ಷ ಆ ಕಪ್ ಗೆದ್ದವರು ಅವರೇ. ಮೊದಲ ಗೋಲನ್ನೂ ಅವರೇ ಹೊಡೆದರು. ಆಮೇಲೆ ಸುನಿಲ್ ಛೆಟ್ರಿ ಒಂದು, ಮತ್ತೆ ಛೆಟ್ರಿ ಒಂದು, ಸ್ಪೇನಿನ ಹುವಾನನ್ ಒಂದು. 3-1! ಭಾರತದ ಕ್ಲಬ್ಬೊಂದು ಆ ಕಪ್ಪಿನ ಫೈನಲ್‌ಗೆ ಹೋದದ್ದು ಅದೇ ಮೊದಲು. ನಮ್ಮ ಮಾವ ಆಟೋ ನಿಲ್ಲಿಸಿ ನೋಡಲು ಹೋಗಿದ್ದರು. ಕೂಗಿ ಕೂಗಿ ಮೂರು ದಿನ ಅವರ ಗಂಟಲೇ ಇರಲಿಲ್ಲವಂತೆ, ಬಾಡಿಗೆ ಎಷ್ಟು ಅಂತ ಕೈಸನ್ನೆಯಲ್ಲಿ ಹೇಳಿದರಂತೆ. ದೋಹಾದಲ್ಲಿ ನಡೆದ ಫೈನಲ್‌ನಲ್ಲಿ ಇರಾಕಿನ ವಾಯುಪಡೆಯ ಕ್ಲಬ್ಬಿಗೆ 1-0ಯಿಂದ ಸೋತರು. ಮಾವ ಈಗಲೂ ಆ ಮಾತು ತೆಗೆದರೆ ಸುಮ್ಮನಾಗಿಬಿಡುತ್ತಾರೆ.

ಇನ್ನೊಂದು ವಿಷಯ. ಇಷ್ಟು ಗೆದ್ದ ಈ ಕ್ಲಬ್ಬು ಬೆಂಗಳೂರಿನಲ್ಲಿ 2014ರಿಂದ ಪಂದ್ಯ ಆಡುತ್ತಾ ಬಂದದ್ದು ಸರ್ಕಾರದ ಕಂಠೀರವದಲ್ಲಿ, ಸುತ್ತ ಓಟದ ಟ್ರ್ಯಾಕ್ ಇರುವ ಕಡೆ. ಇದನ್ನು ಓದಿದಾಗ ನನಗೆ ನಮ್ಮೂರಿನ ಗುಂಡುತೋಪಿನ ಪಕ್ಕದ ಬಯಲು ನೆನಪಾಯಿತು. ಅಣ್ಣಂದಿರು ಅಲ್ಲಿ ಕಲ್ಲಿಟ್ಟು ಗೋಲು ಮಾಡಿಕೊಂಡು ಆಡುತ್ತಿದ್ದರು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಎಲೆಕ್ಟ್ರಾನಿಕ್ ಸಿಟಿಯ ದೊಡ್ಡ ಗೇಟುಗಳ ಒಳಗೆ ಹಸಿರು ಹುಲ್ಲು ಕಾಣುತ್ತದೆ, ಆದರೆ ನಮ್ಮನ್ನು ಒಳಗೆ ಬಿಡುವುದಿಲ್ಲ. ನಮಗೆ ಉಳಿದಿರುವುದು ಶಾಲೆಯ ಅಂಗಳ ಒಂದೇ. ಅಲ್ಲೂ ಬೈಕು ನಿಲ್ಲಿಸಲು ಜಾಗ ಮಾಡಬೇಕು ಅಂತ ಮಾತು ಕೇಳಿಬಂದಿದೆ. ದಯವಿಟ್ಟು ಮಾಡಬೇಡಿ.

ಹೆಡ್‌ಮಾಸ್ಟರ್ ಸರ್, ಚೆಂಡು 5ನೇ ನಂಬರಿನದೇ ಆಗಬೇಕು, 4ನೇ ನಂಬರು ಚಿಕ್ಕವರಿಗೆ. ಗಾಳಿ ಹೊಡೆಯುವ ಪಂಪನ್ನು ಸೈಕಲ್ ಅಂಗಡಿಯವರು ಕೊಡುತ್ತೇನೆ ಅಂದಿದ್ದಾರೆ. ಸೂಜಿ ನಮ್ಮ ಹತ್ತಿರ ಇದೆ.