ತರುಣರ ಆಡುನುಡಿಯೂ ಸತ್ಯವಚನವೂ

ಶಾಲೆಯ ಅಂಗಳದಲ್ಲಿ ಇಂದಿನ ಮಕ್ಕಳು ಆಡುವ ಮಾತನ್ನು ಕೇಳಿ ಹಿರಿಯರು ಕಿವಿ ಮುಚ್ಚಿಕೊಳ್ಳುವುದುಂಟು. ಗಡಿನಾಡಾದ ಕಾಸರಗೋಡಿನಲ್ಲಂತೂ ಈ ಮಾತು ಒಂದೇ ಭಾಷೆಗೆ ಸೇರಿದುದಲ್ಲ. ‘ಸಖತ್’ ಎಂದವನೇ ಮರುಕ್ಷಣ ‘ಅಡಿಪೊಳಿ’ ಎನ್ನುತ್ತಾನೆ. ಸರಿಪ್ರಾಯದ ಗೆಳೆಯನನ್ನು ‘ಮಗಾ’ ಎಂದು ಕರೆಯುತ್ತಾನೆ. ಮೊಬೈಲಿನಿಂದ ಕಲಿತ ‘ನೋ ಕ್ಯಾಪ್’ ಎಂಬುದನ್ನು ಕೊನೆಗೆ ಸೇರಿಸುತ್ತಾನೆ. ಹೇಳಿದುದು ಸುಳ್ಳಲ್ಲವೆಂದು ಇದರ ಅರ್ಥ. ಇಂಥ ನುಡಿಯನ್ನು ಸತ್ಯವಚನದ ವಿಷಯದಲ್ಲಿ ಕ್ರೈಸ್ತಧರ್ಮವು ಕಲಿಸುವ ಪಾಠದೊಡನೆ ಇಟ್ಟು ನೋಡೋಣ.

ಬೆರಕೆಯ ನುಡಿ ತಾನಾಗಿಯೇ ಪಾಪವಲ್ಲವೆಂಬುದನ್ನು ಮೊದಲೇ ಹೇಳಿಬಿಡಬೇಕು. ಹೊಸ ಒಡಂಬಡಿಕೆಯು ರಚಿತವಾದುದು ಅಥೆನ್ಸಿನ ಪಂಡಿತರ ಪ್ರಾಚೀನ ಗ್ರೀಕಿನಲ್ಲಲ್ಲ. ಸಂತೆಯಲ್ಲಿಯೂ ಕಾಗದಪತ್ರಗಳಲ್ಲಿಯೂ ನಡೆಯುತ್ತಿದ್ದ ‘ಕೊಯ್ನೆ’ ಎಂಬ ಸಾಮಾನ್ಯ ಜನರ ಗ್ರೀಕಿನಲ್ಲಿ. ಬಾಸೆಲ್ ಮಿಶನ್ನಿನ ಕಿಟ್ಟೆಲರೂ 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ತಮ್ಮ ನಿಘಂಟಿನಲ್ಲಿ ಕಾವ್ಯಪದಗಳ ಜೊತೆಗೆ ಜನರ ಬಾಯಿಮಾತಿಗೂ ಗಾದೆಗಳಿಗೂ ಎಡೆಗೊಟ್ಟರು. ಆದುದರಿಂದ ‘ಅಡಿಪೊಳಿ’ ಎಂದ ಹುಡುಗನನ್ನು ಗದರಿಸುವ ಮುನ್ನ ನಾವು ತುಸು ತಾಳಬೇಕು.

ಮತ್ತಾಯನ ಸುವಾರ್ತೆಯ 26ನೆಯ ಅಧ್ಯಾಯದಲ್ಲಿ ಈ ವಿಷಯಕ್ಕೆ ಬಹಳ ಹತ್ತಿರವಾದ ಒಂದು ಸಂದರ್ಭವಿದೆ. ಯೇಸು ಬಂಧಿತನಾದ ರಾತ್ರಿ ಶಿಷ್ಯನಾದ ಪೇತ್ರನು ಮಹಾಯಾಜಕನ ಅಂಗಳದಲ್ಲಿ ಕುಳಿತಿದ್ದನು. ನೀನೂ ಅವನ ಕಡೆಯವನಲ್ಲವೇ ಎಂದು ಕೇಳಿದಾಗ ಮೊದಲು ಸುಮ್ಮನೆ ಅಲ್ಲಗಳೆದನು. ಎರಡನೆಯ ಸಲ ಆಣೆಯಿಟ್ಟು ಅಲ್ಲಗಳೆದನು. ಮೂರನೆಯ ಸಲ ಶಪಿಸಿಕೊಂಡು ಆಣೆಯಿಟ್ಟನು. ಅಷ್ಟರೊಳಗೆ ಪಕ್ಕದಲ್ಲಿದ್ದವರು ಅವನ ಮಾತಿನ ರೀತಿಯಿಂದಲೇ ಅವನ ಗುರುತು ಹಿಡಿದಿದ್ದರು. ಗಲಿಲಾಯದ ಹಳ್ಳಿಯ ಉಚ್ಚಾರಣೆ ನಿಜವನ್ನು ಹೇಳಿತು. ಗಂಭೀರವಾದ ಆಣೆ ಸುಳ್ಳನ್ನು ಹೇಳಿತು. ಸುಳ್ಳು ಬಲವಾದಷ್ಟೂ ಆಣೆಯೂ ಬಲವಾಯಿತೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು.

ಅದೇ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು ಆಣೆಯನ್ನೇ ಇಡಬೇಡಿರೆಂದು ಬೋಧಿಸುತ್ತಾನೆ. ಹೌದೆಂಬುದು ಹೌದಾಗಿರಲಿ, ಅಲ್ಲವೆಂಬುದು ಅಲ್ಲವಾಗಿರಲಿ ಎಂಬುದು ಅದರ ತಾತ್ಪರ್ಯ. ದೇವಾಲಯದ ಮೇಲಿಟ್ಟ ಆಣೆ ತಟ್ಟದು, ಅಲ್ಲಿಯ ಚಿನ್ನದ ಮೇಲಿಟ್ಟದ್ದು ಮಾತ್ರ ತಟ್ಟುವುದೆಂದು ಲೆಕ್ಕ ಹಾಕುತ್ತಿದ್ದವರನ್ನು 23ನೆಯ ಅಧ್ಯಾಯದಲ್ಲಿ ಖಂಡಿಸುತ್ತಾನೆ. ಈ ಬೋಧನೆಯನ್ನು ಅಕ್ಷರಶಃ ಹಿಡಿದು ನ್ಯಾಯಾಲಯದಲ್ಲಿಯೂ ಆಣೆಯಿಡಲೊಪ್ಪದೆ 17ನೆಯ ಶತಮಾನದ ಇಂಗ್ಲೆಂಡಿನ ಕ್ವೇಕರರು ಸೆರೆಮನೆ ಸೇರಿದರು. ನಮ್ಮ ಸಂವಿಧಾನದ ಮೂರನೆಯ ಅನುಸೂಚಿಯಲ್ಲಿಯೂ ದೇವರ ಹೆಸರಿನಲ್ಲಿ ಪ್ರಮಾಣ ಮಾಡದೆ ದೃಢೀಕರಿಸಿ ಹೇಳುವ ಇನ್ನೊಂದು ದಾರಿಯುಂಟು.

‘ದೇವರಾಣೆ’, ‘ಅಮ್ಮನಾಣೆ’, ‘ನೋ ಕ್ಯಾಪ್’ ಎಂಬ ಮುದ್ರೆಯಿಲ್ಲದೆ ಮಾತು ಚಲಾವಣೆಯಾಗದಿದ್ದರೆ, ಮುದ್ರೆಯಿಲ್ಲದ ಉಳಿದ ಮಾತುಗಳ ಗತಿಯೇನು? ಇದಕ್ಕಿಂತಲೂ ನಮಗೆ ಚಿಂತೆಯಾಗುವುದು ಸುಳ್ಳಿಗೆ ತರುಣರು ಇಟ್ಟಿರುವ ಮುದ್ದು ಹೆಸರುಗಳಿಂದ. ‘ರೀಲು ಬಿಟ್ಟೆ’, ‘ಕಾಗೆ ಹಾರಿಸಿದೆ’, ‘ಬುರುಡೆ’. ಮಲಯಾಳದ ಗೆಳೆಯರಲ್ಲಿ ‘ತಳ್ಳ್’. ಎಷ್ಟು ಸೊಗಸಾದ ಮಾತುಗಳು! (ಕಲ್ಪನೆಯ ಮಟ್ಟಿಗೆ ನಾವೂ ಮೆಚ್ಚುತ್ತೇವೆ.) ಆದರೆ ಅಂಕಪಟ್ಟಿಯ ವಿಷಯದಲ್ಲಿ ತಂದೆಯ ಮುಂದೆ ಕಾಗೆ ಹಾರಿಸಿದ ಬಾಲಕನಿಗೆ ತಾನು ಸುಳ್ಳಾಡಿದೆನೆಂಬ ಅರಿವೇ ಆಗದು, ಕಾಗೆ ಹಾರಿಹೋಯಿತು, ಅಷ್ಟೇ.

ಬಯ್ಗುಳವೂ ಹಾಗೆಯೇ. 5ನೆಯ ಅಧ್ಯಾಯದಲ್ಲಿಯೇ ‘ರಾಕಾ’ ಎಂಬ ಅರಾಮಾಯಿಕ್ ಬೀದಿಮಾತೊಂದು ಗ್ರೀಕ್ ಮೂಲದಲ್ಲಿ ಇದ್ದಂತೆಯೇ ಉಳಿದುಬಂದಿದೆ. ಬರಿದಾದ ತಲೆಯವನೆಂದು ಅದರ ಭಾವ. ಅಂಥ ಹಗುರವಾದ ಹೀಯಾಳಿಕೆಯನ್ನು ಯೇಸು ಕೊಲೆಯ ಪ್ರಸ್ತಾಪದ ಜೊತೆಯಲ್ಲಿಯೇ ಎತ್ತುತ್ತಾನೆ. ಕುಂಟನನ್ನು ಕುಂಟನೆಂದು ಕರೆದು ‘ಸುಮ್ಮನೆ ತಮಾಷೆಗೆ’ ಎನ್ನುವವನ ಮಾತಿನಲ್ಲಿ ಎರಡು ದೋಷಗಳಿವೆ: ಒಂದು ನೋಯಿಸಿದುದು, ಇನ್ನೊಂದು ನೋಯಿಸಲಿಲ್ಲವೆಂದುದು.

ವಿದ್ಯಾರ್ಥಿಗಳು ಒಂದು ದಿನ ಟಿಪ್ಪಣಿಪುಸ್ತಕದಲ್ಲಿ ಗುರುತು ಹಾಕಿಕೊಳ್ಳಲಿ: ಆಣೆ ಎಷ್ಟು ಸಲ ಬಂತು? ಯಾವ ಮಾತಿಗೆ ಬಂತು? ನಿಜವಾದ ಮಾತಿಗೋ, ಸಂಶಯವಿದ್ದ ಮಾತಿಗೋ? ಪೋಷಕರೂ ಅದೇ ದಿನ, ಫೋನು ಬಂದಾಗ ‘ಅಪ್ಪ ಮನೆಯಲ್ಲಿಲ್ಲ’ ಎಂದು ಮಗುವಿನ ಬಾಯಿಂದ ಎಷ್ಟು ಸಲ ಹೇಳಿಸಿದೆವೆಂಬುದನ್ನು ಪಕ್ಕದ ಪುಟದಲ್ಲಿ ಬರೆದಿಡಬಹುದು.