ಸಿಲಿಕಾನ್ ಮತ್ತು ಜರ್ಮೇನಿಯಂ: ಕೊಠಡಿ ತಾಪಮಾನದ ಗುಣಗಳು

ಆವರ್ತ ಕೋಷ್ಟಕದ ಹದಿನಾಲ್ಕನೆಯ ಗುಂಪಿನಲ್ಲಿ ಸಿಲಿಕಾನ್ ಮತ್ತು ಜರ್ಮೇನಿಯಂ ಒಂದರ ಕೆಳಗೊಂದು ನಿಂತಿವೆ. ಎರಡೂ ಹೊಳಪುಳ್ಳ ಬೂದುಬಣ್ಣದ ಘನವಸ್ತುಗಳು. ಲೋಹದಂತೆ ಕಂಡರೂ ಬಡಿದರೆ ತಗಡಾಗದೆ ಗಾಜಿನಂತೆ ಒಡೆಯುತ್ತವೆ. ಸಿಲಿಕಾನಿನ ಸಾಂದ್ರತೆ ಘನ ಸೆಂಟಿಮೀಟರಿಗೆ 2.33 ಗ್ರಾಂ, ಜರ್ಮೇನಿಯಮಿನದು 5.32 ಗ್ರಾಂ. ಈ ಅಂಕಿಗಳು ಚಳಿಗಾಲದಲ್ಲೂ ಬೇಸಿಗೆಯಲ್ಲೂ ಹೆಚ್ಚುಕಡಿಮೆ ಅವೇ. ವಿದ್ಯುತ್ ಗುಣಗಳ ಸಂಗತಿ ಹಾಗಲ್ಲ.

ಮೊದಲು ಪದದ ತೊಡಕನ್ನು ಬಿಡಿಸಬೇಕು. ಉಮರ್ಗಾ, ನಿಲಂಗಾ, ಉದಗೀರ ಭಾಗದ ಕನ್ನಡ ಮಕ್ಕಳ ಕಿವಿಗೆ ದಿನವೂ ಮರಾಠಿ ಬೀಳುತ್ತದೆ. ಮರಾಠಿಯಲ್ಲಿ 'ಉಷ್ಣತಾ' ಎಂದರೆ ಶಾಖ. ಕನ್ನಡದ ಅನೇಕ ವಿಜ್ಞಾನ ಪುಸ್ತಕಗಳಲ್ಲಿ 'ಉಷ್ಣತೆ' ಎಂದರೆ ಡಿಗ್ರಿಯಲ್ಲಿ ಅಳೆಯುವ ತಾಪ. ಎರಡು ಭಾಷೆಗೂ ಹೊಂದುವ 'ತಾಪಮಾನ'ವನ್ನೇ ಬಳಸುವುದು ಲೇಸು. 'ಅರೆವಾಹಕ'ವೂ ಮರಾಠಿಯ 'ಅರ್ಧವಾಹಕ'ವೂ ಒಂದೇ. ಆದರೆ ತಾಮ್ರದ ಅರ್ಧದಷ್ಟು ವಿದ್ಯುತ್ ಹರಿಸುವ ವಸ್ತುವೆಂದು ಮಗು ತಿಳಿಯಬಾರದು. ಶುದ್ಧ ಸಿಲಿಕಾನಿನ ರೋಧಕತೆ ತಾಮ್ರದ್ದಕ್ಕಿಂತ ಹತ್ತು ಸಾವಿರ ಕೋಟಿ ಪಟ್ಟಿಗೂ ಹೆಚ್ಚು.

ಕೋಷ್ಟಕಗಳಲ್ಲಿ 'ಕೊಠಡಿ ತಾಪಮಾನ'ವೆಂದರೆ ಸಾಮಾನ್ಯವಾಗಿ 300 ಕೆಲ್ವಿನ್, ಅಂದರೆ 27 ಡಿಗ್ರಿ ಸೆಲ್ಸಿಯಸ್. ಕೆಲವೆಡೆ 20 ಅಥವಾ 25. ಅದು ಮಕ್ಕಳು ಕುಳಿತ ಕೊಠಡಿಯ ತಾಪಮಾನವಲ್ಲ. ಈ ಸ್ಫಟಿಕಗಳಲ್ಲಿ ಪ್ರತಿ ಪರಮಾಣುವೂ ತನ್ನ ನಾಲ್ಕು ಹೊರ ಎಲೆಕ್ಟ್ರಾನುಗಳನ್ನು ನೆರೆಯ ಪರಮಾಣುಗಳೊಡನೆ ಬಂಧದಲ್ಲಿ ತೊಡಗಿಸಿರುತ್ತದೆ. ಶಾಖದ ಕಂಪನಕ್ಕೆ ಅಲ್ಲೊಂದು ಇಲ್ಲೊಂದು ಬಂಧ ಕಳಚಿ ಎಲೆಕ್ಟ್ರಾನ್ ಬಿಡುಗಡೆಯಾಗುತ್ತದೆ. ಅದಕ್ಕೆ ಸಿಲಿಕಾನಿನಲ್ಲಿ 1.12 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು, ಜರ್ಮೇನಿಯಮಿನಲ್ಲಿ ಸುಮಾರು 0.67 ಸಾಕು. ಆದ್ದರಿಂದ 27 ಡಿಗ್ರಿಯಲ್ಲಿ ಶುದ್ಧ ಸಿಲಿಕಾನಿನ ಸುಮಾರು ಐದು ಲಕ್ಷ ಕೋಟಿ ಪರಮಾಣುಗಳಿಗೆ ಒಂದೇ ಮುಕ್ತ ಎಲೆಕ್ಟ್ರಾನ್. ಜರ್ಮೇನಿಯಮಿನಲ್ಲಿ ಇನ್ನೂರು ಕೋಟಿಗೆ ಒಂದರಷ್ಟು.

ತಾಪಮಾನ 27ರಿಂದ 42 ಡಿಗ್ರಿಗೇರಿದರೆ ತಾಮ್ರದ ತಂತಿಯ ರೋಧ ಶೇಕಡಾ 6ರಷ್ಟು ಹೆಚ್ಚುತ್ತದೆ. ಶುದ್ಧ ಸಿಲಿಕಾನಿನಲ್ಲಾದರೋ ಮುಕ್ತ ಎಲೆಕ್ಟ್ರಾನುಗಳ ಸಂಖ್ಯೆ ಸುಮಾರು ಮೂರು ಪಟ್ಟಾಗಿ ರೋಧ ಕುಸಿಯುತ್ತದೆ. ಡಯೋಡುಗಳಲ್ಲಿ ಇರುವುದು ರಂಜಕ, ಬೋರಾನಿನಂಥ ಬೆರಕೆಯುಳ್ಳ ಸಿಲಿಕಾನ್. ಅಲ್ಲಿ ವಾಹಕ ಕಣಗಳ ಸಂಖ್ಯೆಯನ್ನು ಬೆರಕೆಯೇ ನಿರ್ಧರಿಸುವುದರಿಂದ ಬದಲಾವಣೆ ಇಷ್ಟು ತೀವ್ರವಲ್ಲ. ಆದರೂ ತಾಪದ ಗುರುತು ಅಳಿಯುವುದಿಲ್ಲ: ಹೊಲದ ಸೌರ ಪಂಪಿನ ಫಲಕದ ಮೇಲೆ ಬರೆದ ವ್ಯಾಟ್ 25 ಡಿಗ್ರಿಯ ಲೆಕ್ಕದ್ದು. ಬಿಸಿಲಿಗೆ ಫಲಕ 65 ಡಿಗ್ರಿಗೇರಿದಾಗ, ಪ್ರತಿ ಡಿಗ್ರಿಗೆ ಶೇಕಡಾ 0.4ರಂತೆ, ಆರನೆಯ ಒಂದು ಭಾಗದಷ್ಟು ಸಾಮರ್ಥ್ಯ ಇಳಿಯುತ್ತದೆ. ರೈತರ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ.

ತರಗತಿಯಲ್ಲಿ ತೋರಿಸಲು ಒಂದು ಸಾಮಾನ್ಯ ಸಿಲಿಕಾನ್ ಡಯೋಡ್ ಮತ್ತು ಮಲ್ಟಿಮೀಟರ್ ಸಾಕು. ಮೀಟರನ್ನು ಡಯೋಡಿನ ಚಿಹ್ನೆಗೆ ತಿರುಗಿಸಿ ಮುನ್ನೋಲುವೆಯಲ್ಲಿ ಜೋಡಿಸಿದರೆ ಅರ್ಧ ವೋಲ್ಟಿಗಿಂತ ತುಸು ಹೆಚ್ಚು ತೋರಿಸುತ್ತದೆ. ಡಯೋಡಿನ ಒಡಲನ್ನು ಬೆರಳುಗಳ ನಡುವೆ ಹಿಡಿದಾಗ, ಡಿಗ್ರಿಗೆ ಸುಮಾರು 2 ಮಿಲಿವೋಲ್ಟಿನಂತೆ ಅಂಕಿ ಇಳಿಯುತ್ತದೆ. ಇದು ಡಿಸೆಂಬರಿನ ಫಲಿತಾಂಶ. ಏಪ್ರಿಲ್ ನಡುಹಗಲಲ್ಲಿ, ಕೊಠಡಿಯೇ 40 ಡಿಗ್ರಿಯಲ್ಲಿರುವಾಗ, ಬೆರಳು ಡಯೋಡನ್ನು ತಂಪುಮಾಡುತ್ತದೆ, ಅಂಕಿ ಏರುತ್ತದೆ. ಪುಸ್ತಕಕ್ಕೆ ವಿರುದ್ಧವಾಯಿತೆಂದು ಡಯೋಡನ್ನು ಎಸೆಯಬಾರದು. ಅಂದಿನ ತಾಪಮಾನವನ್ನು ಮಕ್ಕಳಿಂದಲೇ ಹಲಗೆಯ ಮೇಲೆ ಬರೆಸಿ, ಹೀಗೇಕಾಯಿತೆಂದು ಕೇಳಬೇಕು.