ಕೋವಿಯ ಮುಂದಾಸರೆ

ದೂರಗುರಿಯ ಸ್ಪರ್ಧೆಗಳಲ್ಲಿ ‘ಎಫ್-ಕ್ಲಾಸ್’ ಎಂಬುದೊಂದು ಬಗೆ. ಕೆನಡಾದ ಜಾರ್ಜ್ ಫಾರ್ಕ್ವರ್ಸನ್ನರ ಹೆಸರಿನ ಮೊದಲಕ್ಷರವೇ ಇದಕ್ಕೆ ಹೆಸರಾಗಿದೆ. ಇದರ ಮುಕ್ತ ವಿಭಾಗದಲ್ಲಿ ಸ್ಪರ್ಧಿಯು ನೆಲದ ಮೇಲೆ ಮಲಗಿ, ಕೋವಿಯ ಮುಂಭಾಗವನ್ನು ಲೋಹದ ಆಸರೆಯ ಮೇಲೂ ಹಿಂಭಾಗವನ್ನು ಮರಳುಚೀಲದ ಮೇಲೂ ಇರಿಸಿ ಗುಂಡು ಹಾರಿಸುತ್ತಾನೆ.

ಆಸರೆಯ ಆಯ್ಕೆಯಲ್ಲಿ ಇಷ್ಟು ಎಚ್ಚರವೇಕೆ? ಒಂದು ಸಣ್ಣ ಲೆಕ್ಕವನ್ನು ಮಾಡಿನೋಡೋಣ. ಆಸರೆಗೂ ಹಿಂದಿನ ಚೀಲಕ್ಕೂ ನಡುವೆ 75 ಸೆಂಟಿಮೀಟರ್ ಅಂತರವಿರಲಿ. ಹಿಂಭಾಗವು ಇದ್ದಲ್ಲೇ ಇದ್ದು, ಮುಂಭಾಗವು 0.1 ಮಿಲಿಮೀಟರ್, ಎಂದರೆ ದಪ್ಪ ಕೂದಲೆಳೆಯಷ್ಟು, ಪಕ್ಕಕ್ಕೆ ಸರಿದರೆ 1000 ಗಜ (914 ಮೀಟರ್) ದೂರದಲ್ಲಿ ಗುರಿಯು ಸುಮಾರು 12 ಸೆಂಟಿಮೀಟರ್ ತಪ್ಪುತ್ತದೆ! ಅಮೆರಿಕದ ಗುರಿಹಲಗೆಯಲ್ಲಿ 10 ಅಂಕದ ವೃತ್ತದ ತ್ರಿಜ್ಯವೇ 12.7 ಸೆಂಟಿಮೀಟರ್.

ಆದುದರಿಂದ ಆಸರೆಯು ಭಾರವಾಗಿಯೂ ಅಗಲವಾದ ಬುಡವುಳ್ಳದ್ದಾಗಿಯೂ ಇರಬೇಕು. ಮೂರು ಕಾಲುಗಳಿರುವುದು ಲೇಸು. ಮೂರು ಬಿಂದುಗಳು ಸದಾ ಒಂದೇ ಸಮತಲದಲ್ಲಿರುವುದರಿಂದ ಏರುತಗ್ಗಿನ ನೆಲದಲ್ಲಿಯೂ ಅದು ಕುಂಟದು. ಇನ್ನೊಂದು ಸಂಗತಿಯುಂಟು. ಗುಂಡು ನಳಿಗೆಯನ್ನು ಬಿಡುವ ಮೊದಲೇ ಕೋವಿಯು ಹಿಂದಕ್ಕೆ ಸರಿಯತೊಡಗುತ್ತದೆ. ಆಸರೆಯ ಮೇಲಿನ ಚೀಲವು ಆಗ ಅದನ್ನು ಬಿಗಿಹಿಡಿಯದೆ ನೇರವಾಗಿ ಜಾರಗೊಡಬೇಕು.

ಕೊಳ್ಳುವ ಮುನ್ನ ಗುಂಡು ತುಂಬದ ಕೋವಿಯನ್ನು ಆಸರೆಯ ಮೇಲೆ ಹಿಂದಕ್ಕೆ ಸರಿಸಿ, ಮತ್ತೆ ಮುಂದಕ್ಕೆ ತಂದು ನೋಡಬೇಕು. ದುರ್ಬೀನಿನ ಗೆರೆಯು ಪ್ರತಿಸಲವೂ ಮೊದಲಿನ ಬಿಂದುವಿಗೇ ಮರಳಿದರೆ ಆ ಆಸರೆಯನ್ನು ನಂಬಬಹುದು.